ಜೋಡಿ ಕಟ್ಟುವವರು ಯಾರು? ಗೇಮಿನ ರೇಟಿಂಗೂ ಮಲೆನಾಡಿನ ಮಳೆಯೂ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ ನನ್ನ ಅಕ್ಕನ ಮನೆ ಇದೆ. ಅವಳ ಮಗ ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ರಜೆಗೆ ಊರಿಗೆ ಹೋದರೆ ಜಗಲಿಯ ಬಲಗಡೆ ಮೂಲೆ ಅವನ ಜಾಗ. ಆ ಮನೆಯಲ್ಲಿ ಸಿಗ್ನಲ್ ನಿಲ್ಲುವುದು ಅಲ್ಲಿ ಮಾತ್ರ. ಕಳೆದ ಮಳೆಗಾಲದಲ್ಲಿ ನಾನು ಹೋದಾಗಲೂ ಅಲ್ಲೇ ಕೂತಿದ್ದ. ಫೋನಿನಲ್ಲಿ ಐದೈದು ಜನರ ಶೂಟಿಂಗ್ ಗೇಮ್ ಆಡುತ್ತಿದ್ದ. ಸ್ವಲ್ಪ ಹೊತ್ತಿಗೆ ಫೋನನ್ನು ಪಕ್ಕಕ್ಕಿಟ್ಟ.

"ಮಾವ, ಇದು ಬೇಕಂತ್ಲೇ ಮಾಡೋದು. ಮೂರು ಗೆದ್ರೆ ನಾಲ್ಕನೇದಕ್ಕೆ ಸೋತುಹೋಗೋ ಟೀಮಿಗೇ ಹಾಕ್ತಾರೆ."

ಈ ದೂರು ಅವನೊಬ್ಬನದಲ್ಲ. ಗೇಮ್ ಆಡುವ ಕಾಲೇಜು ಹುಡುಗರು ನಾಲ್ಕು ಜನ ಸೇರಿದರೆ ಇದೇ ಮಾತು. ರ್ಯಾಂಕ್ ಮೇಲೆ ಹೋಗುತ್ತಿಲ್ಲ, ಟೀಮ್ ಸರಿ ಸಿಗುತ್ತಿಲ್ಲ, ಲಾಬಿ (ಒಂದು ಮ್ಯಾಚಿಗೆ ಸೇರಿಸಿದ ಆಟಗಾರರ ಗುಂಪು) ತುಂಬಾ ಕಷ್ಟ, ಕಂಪನಿಯವರೇ ಸೋಲಿಸುತ್ತಾರೆ. ಮನೆಯ ದೊಡ್ಡವರು ಇದನ್ನು ಹುಡುಗರ ಗಲಾಟೆ ಅಂತ ಬಿಟ್ಟುಬಿಡುತ್ತಾರೆ. ನನಗೆ ಹಾಗೆ ಬಿಡಲು ಮನಸ್ಸಿಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮುಗಳನ್ನು, ಕ್ರೀಡಾ ಸಚಿವಾಲಯದ ಕೆಳಗೆ ತಂದಿತು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದು ಪದಕದ ಆಟವಾಗಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸನ್ನು ಮಾತ್ರ ಬೇರೆಯಾಗಿ ಗುರುತಿಸಿ ಬೆಳೆಸಬೇಕು ಅಂದಿತು. ಕಾಲೇಜು ಟೀಮಿಗೆ ಒಬ್ಬ ಆಟಗಾರ ಬೇಕು ಅಂದಾಗ ಮೊದಲು ಕೇಳುವುದೇ "ನಿನ್ನ ರ್ಯಾಂಕ್ ಎಷ್ಟು?" ಅಂತ. ಹಾಗಾಗಿ ಆ ರ್ಯಾಂಕ್ ಎಲ್ಲಿಂದ ಬರುತ್ತದೆ, ಅದು ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಅನ್ನುವುದು ಗೊತ್ತಿರಬೇಕು. ಮಲೆನಾಡಿನ ಮಕ್ಕಳಿಗಂತೂ ಖಂಡಿತ ಗೊತ್ತಿರಬೇಕು.

ಶಿವಮೊಗ್ಗದ ಕೋಟೆ ಮಾರಿಕಾಂಬ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆ ಅಂದ ಮೇಲೆ ಬಯಲು ಕುಸ್ತಿ ಇರಲೇಬೇಕು. ಕುಸ್ತಿ ಶುರುವಾಗುವ ಮೊದಲು ನಡೆಯುವ ಒಂದು ಕೆಲಸಕ್ಕೆ ಜೋಡಿ ಕಟ್ಟುವುದು ಅಂತ ಹೆಸರು. ಪೈಲ್ವಾನರ ಮೈಕಟ್ಟು, ತೂಕ, ವಯಸ್ಸು, ಯಾವ ಗರಡಿ, ಹಿಂದೆ ಯಾರನ್ನು ಚಿತ್ ಮಾಡಿದ್ದಾರೆ, ಇದನ್ನೆಲ್ಲ ನೋಡಿ ಹಿರಿಯರು ಇಬ್ಬರನ್ನು ಎದುರುಬದುರು ನಿಲ್ಲಿಸುತ್ತಾರೆ. ಜೋಡಿ ಸರಿಯಿಲ್ಲ ಅನ್ನಿಸಿದರೆ ಸುತ್ತ ನಿಂತ ಜನರೇ ಕೂಗುತ್ತಾರೆ. ಗೇಮಿನವರು ಮ್ಯಾಚ್‌ಮೇಕಿಂಗ್ ಅನ್ನುವುದು ಇದೇ ಕೆಲಸಕ್ಕೆ. ಅಲ್ಲಿ ಹಿರಿಯರ ಬದಲು ಒಂದು ಸಾಫ್ಟ್‌ವೇರ್ ಕೂತಿದೆ. ಅದಕ್ಕೆ ಮೈಕಟ್ಟು ಕಾಣುವುದಿಲ್ಲ, ರೇಟಿಂಗ್ ಅನ್ನುವ ಒಂದು ಸಂಖ್ಯೆ ಕಾಣುತ್ತದೆ.

ಆ ಸಂಖ್ಯೆ ಹುಟ್ಟಿದ್ದು ಚೆಸ್ಸಿನಲ್ಲಿ

ಆರ್ಪಾಡ್ ಎಲೊ ಹಂಗೇರಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಮಿಲ್ವಾಕಿಯಲ್ಲಿ ಭೌತಶಾಸ್ತ್ರದ ಪ್ರೊಫೆಸರ್ ಆಗಿದ್ದರು, ಜೊತೆಗೆ ಒಳ್ಳೆಯ ಚೆಸ್ ಆಟಗಾರ. ಅವರು ಮಾಡಿದ ಲೆಕ್ಕವನ್ನು ಅಮೆರಿಕದ ಚೆಸ್ ಒಕ್ಕೂಟ 1960ರಲ್ಲಿ ಒಪ್ಪಿತು. ವಿಶ್ವ ಚೆಸ್ ಸಂಸ್ಥೆ ಫಿಡೆ 1970ರಲ್ಲಿ ಒಪ್ಪಿತು. ಎಲೊ ಅನ್ನುವುದು ಅವರ ಹೆಸರು. ಯಾವುದೋ ಮೂರು ಪದಗಳ ಮೊದಲ ಅಕ್ಷರ ಅಂತ ತಿಳಿದವರು ಇವತ್ತಿಗೂ ಜಾಸ್ತಿ ಇದ್ದಾರೆ.

ಲೆಕ್ಕದ ತಿರುಳು ಸರಳ. ಇಬ್ಬರ ರೇಟಿಂಗ್ ಒಂದೇ ಇದ್ದರೆ ಯಾರು ಬೇಕಾದರೂ ಗೆಲ್ಲಬಹುದು, ಸಾಧ್ಯತೆ ಅರ್ಧ ಅರ್ಧ. 100 ಅಂಕ ಜಾಸ್ತಿ ಇದ್ದವನಿಗೆ ಸಿಗಬೇಕಾದ ಪಾಲು ಶೇ 64. 200 ಜಾಸ್ತಿ ಇದ್ದರೆ ಶೇ 76. 400 ಜಾಸ್ತಿ ಇದ್ದರೆ ಶೇ 91. ಆಟ ಮುಗಿದ ಮೇಲೆ ಅಂದಾಜಿಗೂ ಫಲಿತಾಂಶಕ್ಕೂ ಎಷ್ಟು ವ್ಯತ್ಯಾಸ ಬಂತು ನೋಡಿ, ಅದಕ್ಕೆ ತಕ್ಕ ಹಾಗೆ ಅಂಕ ಬದಲಾಗುತ್ತದೆ.

ಉದಾಹರಣೆಗೆ 1500 ರೇಟಿಂಗಿನ ಭದ್ರಾವತಿಯ ಹುಡುಗಿ 1700ರ ಸಾಗರದ ಹುಡುಗನ ಎದುರು ಕೂತಳು ಅಂದುಕೊಳ್ಳಿ. ಒಂದು ಆಟದಲ್ಲಿ ಜಾಸ್ತಿ ಅಂದರೆ 20 ಅಂಕ ಕದಲಬಹುದು ಅನ್ನುವ ಮಿತಿ ಇದೆ. ಅವಳು ಗೆದ್ದರೆ ಸುಮಾರು 15 ಅಂಕ ಬರುತ್ತದೆ, ಯಾಕೆಂದರೆ ಅವಳು ಗೆಲ್ಲುತ್ತಾಳೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಸೋತರೆ ಹೋಗುವುದು 5 ಮಾತ್ರ. ಫಿಡೆಯಲ್ಲಿ ಈ ಮಿತಿ ಹೊಸಬರಿಗೆ 40, ಅನುಭವ ಬಂದವರಿಗೆ 20, 2400 ಮುಟ್ಟಿದವರಿಗೆ 10. ಹೊಸಬರ ಸಂಖ್ಯೆ ಬೇಗ ಓಡಲಿ, ಹಳಬರದು ನಿಧಾನ ಕದಲಲಿ ಅನ್ನುವುದು ಲೆಕ್ಕಾಚಾರ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಈ ಸಂಖ್ಯೆ ನೀವು ಎಷ್ಟು ಜಾಣರು ಅಂತ ಹೇಳುವುದಿಲ್ಲ. ಮುಂದಿನ ಆಟದಲ್ಲಿ ಗೆಲ್ಲುವ ಸಾಧ್ಯತೆ ಎಷ್ಟು ಅನ್ನುವ ಅಂದಾಜು ಅದು, ಅಷ್ಟೇ. ಸ್ವತಃ ಎಲೊ ಅವರಿಗೇ ಇದು ಚೆನ್ನಾಗಿ ಗೊತ್ತಿತ್ತು. ನೀರಿನ ಮೇಲೆ ಕುಣಿಯುತ್ತಾ ತೇಲುವ ಬೆಂಡು ಎಲ್ಲಿದೆ ಅನ್ನುವುದನ್ನು, ಗಾಳಿಗೆ ತೂಗಾಡುವ ಹಗ್ಗಕ್ಕೆ ಕಟ್ಟಿದ ಅಳತೆಕೋಲಿನಿಂದ ಅಳೆದ ಹಾಗೆ ಇದು, ಎಂಬ ಅರ್ಥದ ಮಾತನ್ನು ಅವರು ಬರೆದಿದ್ದರು. ತುಂಗಾ ಹೊಳೆಯ ದಂಡೆಯಲ್ಲಿ ನಿಂತವರಿಗೆ ಆ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಈಗ ನನ್ನ ಅಳಿಯನ ದೂರಿಗೆ ಬರೋಣ. ಮೂರು ಗೆದ್ದ ಮೇಲೆ ಸೋಲು ಬರುವುದು ಯಾಕೆ? ಗೆದ್ದಾಗ ಸಂಖ್ಯೆ ಮೇಲೆ ಹೋಯಿತು. ಮುಂದಿನ ಎದುರಾಳಿಗಳು ಸ್ವಲ್ಪ ಗಟ್ಟಿ ಇರುತ್ತಾರೆ. ನಿಮ್ಮ ನಿಜವಾದ ಜಾಗ ಸಿಕ್ಕಿತು ಅಂದರೆ ಅಲ್ಲಿಂದ ಮುಂದೆ ಅರ್ಧ ಗೆಲ್ಲುತ್ತೀರಿ, ಅರ್ಧ ಸೋಲುತ್ತೀರಿ. ಹುಡುಗರು "ಬಲವಂತದ ಫಿಫ್ಟಿ" ಅಂತ ಬೈಯುವುದು ಇದನ್ನೇ. ಆದರೆ ಸಮಜೋಡಿ ಕಟ್ಟಿದ ಕುಸ್ತಿಯಲ್ಲಿ ಇಬ್ಬರೂ ಹತ್ತಕ್ಕೆ ಐದು ಸಲ ಬೀಳಲೇಬೇಕು ಅಲ್ವಾ? ಹತ್ತಕ್ಕೆ ಒಂಬತ್ತು ಗೆಲ್ಲುತ್ತಿದ್ದೀರಿ ಅಂದರೆ ಜೋಡಿ ಕಟ್ಟಿದವರು ತಪ್ಪು ಮಾಡಿದ್ದಾರೆ ಅಂತ ಅರ್ಥ.

ಸತತ ಸೋಲಿನ ಲೆಕ್ಕವೂ ನಮ್ಮ ಮನಸ್ಸಿಗೆ ಮೋಸ ಮಾಡುತ್ತದೆ. ಒಂದು ನಾಣ್ಯವನ್ನು 100 ಸಲ ಚಿಮ್ಮಿ. ಒಂದೇ ಮುಖ, ರಾಜನ ಮುಖ ಅಂತಲೇ ಇಟ್ಟುಕೊಳ್ಳಿ, ಸತತ ಐದು ಸಲ ಬೀಳುವುದು ಒಮ್ಮೆಯಾದರೂ ಆಗುವ ಸಾಧ್ಯತೆ ಶೇ 81. ಆರು ಸಲ ಸತತವಾಗಿ ಬೀಳುವ ಸಾಧ್ಯತೆಯೇ ಶೇ 55ರಷ್ಟಿದೆ. ಅಂದರೆ ಯಾರೂ ಏನೂ ಮಾಡದಿದ್ದರೂ, ಪೂರ್ತಿ ನ್ಯಾಯವಾಗಿ ಜೋಡಿ ಕಟ್ಟಿದರೂ, 100 ಮ್ಯಾಚ್ ಆಡುವವನಿಗೆ ಐದು ಸೋಲಿನ ಸಾಲು ಬಹುಮಟ್ಟಿಗೆ ಬಂದೇ ಬರುತ್ತದೆ. ಆ ರಾತ್ರಿ ಅವನಿಗೆ ಇದು ಪಿತೂರಿ ಅನ್ನಿಸುತ್ತದೆ. ಅದರಲ್ಲಿ ಅವನ ತಪ್ಪೇನಿಲ್ಲ, ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಅಂದಾಜಿನ ಮೇಲೆ ಎಷ್ಟು ನಂಬಿಕೆ?

ಎಲೊ ಲೆಕ್ಕದಲ್ಲಿ ಒಂದು ಕೊರತೆ ಇತ್ತು. 1500 ಅಂದರೆ ಸಾವಿರ ಆಟ ಆಡಿದವನಿಗೂ 1500, ನಿನ್ನೆ ಬಂದವನಿಗೂ 1500. ಎರಡೂ ಒಂದೇನಾ? ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಮಾರ್ಕ್ ಗ್ಲಿಕ್‌ಮನ್ 1995ರಲ್ಲಿ ಗ್ಲಿಕೊ ಅನ್ನುವ ಪದ್ಧತಿ ತಂದರು. ಅದರಲ್ಲಿ ಪ್ರತಿಯೊಬ್ಬರಿಗೂ ಎರಡು ಸಂಖ್ಯೆ. ಒಂದು ರೇಟಿಂಗ್, ಇನ್ನೊಂದು ಆ ರೇಟಿಂಗ್ ಎಷ್ಟು ಅಲ್ಲಾಡಬಹುದು ಅನ್ನುವುದು. ಆಡುತ್ತಾ ಹೋದರೆ ಅಲ್ಲಾಟ ಕಡಿಮೆಯಾಗುತ್ತದೆ. ಆರು ತಿಂಗಳು ಬಿಟ್ಟರೆ ಮತ್ತೆ ಜಾಸ್ತಿಯಾಗುತ್ತದೆ. ಲಿಚೆಸ್ ಅನ್ನುವ ಚೆಸ್ ಜಾಲತಾಣದಲ್ಲಿ ಹೊಸ ಖಾತೆ ತೆರೆದವರಿಗೆ 1500ರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದಲ್ಲ, ಅದು ಇದರದ್ದೇ. ನನಗೆ ಆ ಪ್ರಶ್ನಾರ್ಥಕ ಚಿಹ್ನೆ ಬಹಳ ಇಷ್ಟ. "ನಿಮ್ಮ ಬಗ್ಗೆ ನಮಗಿನ್ನೂ ಸರಿಯಾಗಿ ಗೊತ್ತಿಲ್ಲ" ಅಂತ ಯಂತ್ರ ಬಾಯಿಬಿಟ್ಟು ಹೇಳುತ್ತದೆ.

ಚೆಸ್ಸಿನಲ್ಲಿ ಒಬ್ಬರ ಎದುರು ಒಬ್ಬರು. ಟೀಮ್ ಆಟದಲ್ಲಿ ಸಿಕ್ಕು ಜಾಸ್ತಿ. ನಾಲ್ವರು ಸೇರಿ ಗೆದ್ದರೆ ಯಾರಿಂದ ಗೆದ್ದೆವು ಅಂತ ಹೇಗೆ ಹೇಳುವುದು? ಮೈಕ್ರೋಸಾಫ್ಟ್ ರಿಸರ್ಚ್‌ನವರು ತಮ್ಮ ಕಂಪನಿಯ ಆನ್‌ಲೈನ್ ಗೇಮ್ ಸೇವೆ ಎಕ್ಸ್‌ಬಾಕ್ಸ್ ಲೈವ್‌ಗಾಗಿ ಟ್ರೂಸ್ಕಿಲ್ ಅನ್ನುವ ಪದ್ಧತಿ ಮಾಡಿದರು. ಅದು ಎಲ್ಲರನ್ನೂ 25ರಿಂದ ಶುರು ಮಾಡುತ್ತದೆ, ಅಲ್ಲಾಟವನ್ನು 8.33 ಅಂತ ಇಡುತ್ತದೆ. ರ್ಯಾಂಕ್ ಪಟ್ಟಿಗೆ 25ರಿಂದ ಆ ಅಲ್ಲಾಟದ ಮೂರರಷ್ಟು ಕಳೆದು ಹಾಕುತ್ತದೆ, ಅಂದರೆ ಸೊನ್ನೆ. "ಕನಿಷ್ಠ ಇಷ್ಟಂತೂ ಬರುತ್ತದೆ" ಅನ್ನುವ ಖಾತ್ರಿಯ ಸಂಖ್ಯೆ ಅದು. ಆಡಿದ ಹಾಗೆ ಅದು ಮೇಲೆ ಬರುತ್ತದೆ.

ಆ ಸಂಶೋಧಕರೇ ಕೊಟ್ಟ ಒಂದು ಲೆಕ್ಕವನ್ನು ಪ್ರತಿ ಆಟಗಾರನೂ ತಿಳಿದುಕೊಳ್ಳಬೇಕು ಅಂತ ನನ್ನ ಆಸೆ. ಒಬ್ಬರಿಗೊಬ್ಬರು ಆಡುವ ಆಟದಲ್ಲಿ ನಿಮ್ಮ ಮಟ್ಟ ಗೊತ್ತಾಗಲು ಕನಿಷ್ಠ ಸುಮಾರು 12 ಆಟ ಬೇಕು. ನಾಲ್ಕು ಜನರ ಎರಡು ಟೀಮ್ ಆದರೆ ಸುಮಾರು 46. ಎಂಟು ಜನರ ಎರಡು ಟೀಮ್ ಆದರೆ 91. ಕಾರಣ ನೇರವಾಗಿದೆ. ಟೀಮ್ ದೊಡ್ಡದಾದಷ್ಟೂ ಗೆಲುವು ಸೋಲು ನಿಮ್ಮೊಬ್ಬರ ಬಗ್ಗೆ ಹೇಳುವುದು ಕಡಿಮೆ. ಹತ್ತು ಮ್ಯಾಚ್ ಆಡಿ "ನನ್ನ ರ್ಯಾಂಕ್ ತಪ್ಪು" ಅನ್ನುವ ಹುಡುಗ ಸರಿಯಾಗಿಯೇ ಹೇಳುತ್ತಿರಬಹುದು. ಅದು ತಪ್ಪೇ ಇರುತ್ತದೆ, ಇನ್ನೂ ಬೆಂದಿಲ್ಲ.

ಇನ್ನು ನಮಗೆ ಕಾಣುವ ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಡೈಮಂಡ್ ಇವೆಲ್ಲ ಏನು? ಶಿವಮೊಗ್ಗದ ಮಂಡಿಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆ ಇದೆ. ಚೀಲದ ಮೇಲೆ ಬರೆಯುವುದು ದರ್ಜೆ. ಒಂದೇ ರಾಶಿ ಅಂತ ಬರೆದ ಎರಡು ಚೀಲಕ್ಕೆ ಟೆಂಡರಿನಲ್ಲಿ ಬರುವ ದರ ಬೇರೆ ಬೇರೆ, ಯಾಕೆಂದರೆ ಖರೀದಿದಾರ ಕೈ ಹಾಕಿ ಕಾಯಿ ನೋಡುತ್ತಾನೆ. ಗೇಮಿನಲ್ಲೂ ಹಾಗೆ. ಮೇಲಿನ ಹೆಸರು ನಿಮಗೆ ಕಾಣುವುದು, ಒಳಗಿನ ಸಂಖ್ಯೆ ಯಂತ್ರಕ್ಕೆ ಕಾಣುವುದು. ವ್ಯಾಲರಂಟ್ ಅನ್ನುವ ಶೂಟಿಂಗ್ ಗೇಮಿನಲ್ಲಿ ಇದು ಸ್ಪಷ್ಟ. ಕಣ್ಣಿಗೆ ಕಾಣುವ ಅಂಕ ಒಂದು, ಜೋಡಿ ಕಟ್ಟಲು ಬಳಸುವ ಒಳ ರೇಟಿಂಗ್ ಇನ್ನೊಂದು. ಒಳ ರೇಟಿಂಗ್ ಮೇಲಿದ್ದರೆ ಗೆದ್ದಾಗ ಜಾಸ್ತಿ ಅಂಕ ಬಂದು ಸೋತಾಗ ಕಡಿಮೆ ಹೋಗುತ್ತದೆ.

ಬಿಜಿಎಂಐ (ಪಬ್‌ಜಿಯ ಭಾರತದ ಆವೃತ್ತಿ) ತರಹದ ಆಟದಲ್ಲಿ ಇನ್ನೊಂದು ವಿಷಯ ಸೇರುತ್ತದೆ. ಅಲ್ಲಿ ಸುಮಾರು 100 ಜನ ಒಂದೇ ನಕ್ಷೆಯಲ್ಲಿ ಇಳಿಯುತ್ತಾರೆ. ಎಷ್ಟು ಹೊತ್ತು ಉಳಿದಿರಿ ಅನ್ನುವುದಕ್ಕೂ ಅಂಕ ಇದೆ, ಎಷ್ಟು ಜನರನ್ನು ಹೊಡೆದಿರಿ ಅನ್ನುವುದಕ್ಕೂ ಇದೆ. ಪೊದೆಯಲ್ಲಿ ಅಡಗಿ ಕೂತವನಿಗೂ ಪ್ಲಸ್ ಬರುತ್ತದೆ. ಸೀಸನ್ ಮುಗಿದಾಗ ಎಲ್ಲರನ್ನೂ ಕೆಳಗಿಳಿಸುತ್ತಾರೆ, ಮತ್ತೆ ರ್ಯಾಂಕ್ ಪುಶ್ ಶುರು. ಕೆಳ ಹಂತದ ಲಾಬಿಗಳಲ್ಲಿ ಕಂಪ್ಯೂಟರೇ ಆಡಿಸುವ ಬಾಟ್‌ಗಳೂ ಇರುತ್ತವೆ. ಹಾಗಾಗಿ ಅಲ್ಲಿನ ಏಸ್ ಅಥವಾ ಕ್ರೌನ್ ಅನ್ನುವ ಪದಕ ಒಂದಿಷ್ಟು ಕೈಚಳಕವನ್ನೂ, ಒಂದಿಷ್ಟು ಆಡಲು ಸಿಕ್ಕ ಸಮಯವನ್ನೂ ಸೇರಿಸಿ ಹೇಳುತ್ತದೆ. ತೋಟದ ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಆಡುವವನನ್ನೂ, ದಿನಕ್ಕೆ ಎಂಟು ಗಂಟೆ ಆಡುವವನನ್ನೂ ಪದಕದಿಂದ ಹೋಲಿಸುವುದು ಸರಿಯಲ್ಲ.

ಕೆರೆಯ ನೀರು ಕೆರೆಯಲ್ಲೇ

ಎಲೊ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅದು ಸಣ್ಣ ಊರುಗಳಿಗೆ ನೇರ ತಟ್ಟುತ್ತದೆ. ಇಬ್ಬರಿಗೂ ಒಂದೇ ಮಿತಿ ಇದ್ದರೆ ಗೆದ್ದವನಿಗೆ ಬರುವ ಅಂಕ ಸೋತವನಿಂದಲೇ ಬರುತ್ತದೆ. ಹೊರಗಿನಿಂದ ಹೊಸ ಅಂಕ ಬರುವುದಿಲ್ಲ. ಒಂದೇ ಊರಿನ ಇಪ್ಪತ್ತು ಮಕ್ಕಳು ತಮ್ಮತಮ್ಮಲ್ಲೇ ಎರಡು ವರ್ಷ ಆಡಿ ಎಲ್ಲರೂ ಚೆನ್ನಾಗಿ ಬೆಳೆದರು ಅಂತಿಟ್ಟುಕೊಳ್ಳಿ. ಆಟ ಎಷ್ಟೋ ಸುಧಾರಿಸಿದೆ. ಆದರೆ ಅವರ ಒಟ್ಟು ಅಂಕ ಇದ್ದಷ್ಟೇ ಇದೆ. ಅವರು ಬೆಂಗಳೂರಿಗೋ ಮಂಗಳೂರಿಗೋ ಟೂರ್ನಿಗೆ ಹೋದಾಗ 1300ರ ಹುಡುಗಿ 1600ರವರನ್ನು ಸೋಲಿಸಿಬಿಡುತ್ತಾಳೆ. ಸೋತವರು ಬೆಚ್ಚಿಬೀಳುತ್ತಾರೆ.

ಇದು ಬರೀ ಊಹೆಯಲ್ಲ. ಬೇಗ ಬೆಳೆಯುವ ಮಕ್ಕಳ ಸಂಖ್ಯೆ ಹಿಂದೆ ಉಳಿದು, ಕೋವಿಡ್‌ನಲ್ಲಿ ಟೂರ್ನಿಗಳೂ ನಿಂತು, ಕೆಳಗಿನ ರೇಟಿಂಗ್‌ಗಳು ಜಗತ್ತಿನಾದ್ಯಂತ ಕುಸಿದವು. ಕೊನೆಗೆ 2024ರ ಮಾರ್ಚ್ 1ರಂದು ಫಿಡೆ ಒಂದು ದೊಡ್ಡ ತಿದ್ದುಪಡಿ ಮಾಡಿತು. 2000ಕ್ಕಿಂತ ಕೆಳಗಿದ್ದವರಿಗೆ, 2000ಕ್ಕೆ ಎಷ್ಟು ಕಡಿಮೆ ಇತ್ತೋ ಅದರ ಶೇ 40ರಷ್ಟನ್ನು ಸೇರಿಸಿತು. 1500 ಇದ್ದವರು ಒಂದೇ ದಿನದಲ್ಲಿ 1700 ಆದರು. ಕನಿಷ್ಠ ರೇಟಿಂಗನ್ನು 1000ದಿಂದ 1400ಕ್ಕೆ ಏರಿಸಿತು. ಐವತ್ತು ವರ್ಷಕ್ಕೂ ಹಳೆಯ, ಇಷ್ಟು ಗೌರವದ ಪದ್ಧತಿಯೇ ತನ್ನ ಅಳತೆ ತಪ್ಪಿದ್ದನ್ನು ಎಲ್ಲರ ಮುಂದೆ ಒಪ್ಪಿ ಸರಿಮಾಡಿತು. ನಾನು ಮೆಚ್ಚುವುದು ಆ "ಎಲ್ಲರ ಮುಂದೆ" ಅನ್ನುವುದನ್ನು. ಸೂತ್ರ ಬಹಿರಂಗವಾಗಿತ್ತು, ಯಾರು ಬೇಕಾದರೂ ಪೆನ್ನು ಹಿಡಿದು ಲೆಕ್ಕ ಹಾಕಬಹುದಿತ್ತು.

ಕರೆಂಟ್ ಹೋದರೆ ಅದು ಸೋಲೇ?

ಈಗ ನನಗೆ ನಿಜವಾಗಿ ನೋವಾಗುವ ವಿಷಯಕ್ಕೆ ಬರುತ್ತೇನೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ತಂತಿಯ ಮೇಲೆ ಬೀಳುವುದು, ಕಂಬ ವಾಲುವುದು, ಎರಡು ದಿನ ಕರೆಂಟ್ ಇಲ್ಲದಿರುವುದು ನಮಗೆ ಹೊಸದಲ್ಲ. ಕರೆಂಟ್ ಹೋಗಿ ಕೆಲವು ಗಂಟೆ ಆದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಮೇಲೆ ಜಗಲಿಯ ಬಲಗಡೆ ಮೂಲೆಯಲ್ಲೂ ಸಿಗ್ನಲ್ ಇಲ್ಲ.

ದೂರದ ಲೆಕ್ಕ ನೋಡಿ. ಗೇಮಿನ ಸರ್ವರ್ ಮುಂಬೈಯಲ್ಲಿದೆ ಅಂತಿಟ್ಟುಕೊಳ್ಳಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಶಿವಮೊಗ್ಗದಿಂದ ಮುಂಬೈಗೆ ನೇರ ಗೆರೆ ಎಳೆದರೆ ಸುಮಾರು 640 ಕಿಲೋಮೀಟರ್. ಹೋಗಿಬರಲು ಆರೇಳು ಮಿಲಿಸೆಕೆಂಡ್ ಸಾಕು. ಕೇಬಲ್ ಸುತ್ತಿ ಹೋಗುತ್ತದೆ, ಮಧ್ಯೆ ಹಲವು ಕಡೆ ನಿಂತು ಹೋಗುತ್ತದೆ, ಹಾಗಾಗಿ ಅದಕ್ಕಿಂತ ಜಾಸ್ತಿ ಆಗುತ್ತದೆ. ಆದರೂ ಪಟ್ಟಣದ ಫೈಬರ್ ಲೈನಿನಲ್ಲಿ ಆರಾಮಾಗಿ ಆಡಬಹುದು. ತೊಂದರೆ ಇರುವುದು ಮುಂಬೈವರೆಗಿನ ದಾರಿಯಲ್ಲಲ್ಲ, ಅಕ್ಕನ ಮನೆಯ ಕೊನೆಯ ಎರಡು ಕಿಲೋಮೀಟರಿನಲ್ಲಿ. ಕಾಡು, ಗುಡ್ಡ, ನೀರು ತುಂಬಿದ ಎಲೆ ದಾಟಿ ಬರುವ ಸಿಗ್ನಲ್ ಹೋಗಿಬರಲು ಒಂದು ಕ್ಷಣ 60 ಮಿಲಿಸೆಕೆಂಡ್, ಮರುಕ್ಷಣ 300. ಈ ಹೊತ್ತಿಗೇ ಪಿಂಗ್ ಅನ್ನುವುದು. ಪಿಂಗ್ 80ರಲ್ಲಿ ನಿಂತರೆ ಕೈ ಅದಕ್ಕೆ ಹೊಂದಿಕೊಳ್ಳುತ್ತದೆ. ಹೀಗೆ ಜಿಗಿಯುವುದಕ್ಕೆ ಯಾವ ಕೈಯೂ ಹೊಂದಿಕೊಳ್ಳುವುದಿಲ್ಲ.

ರೇಟಿಂಗಿಗೆ ಇದು ಯಾವುದೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಗೆಲುವು, ಸೋಲು, ಬಿಟ್ಟು ಹೋದ. ಇದರ ಪರಿಣಾಮ ಎಷ್ಟು ಅಂತ ನಾನು ಎಲೊ ಸೂತ್ರದಲ್ಲೇ ಲೆಕ್ಕ ಹಾಕಿ ನೋಡಿದೆ. ಒಬ್ಬರಿಗೊಬ್ಬರು ಆಡುವ ಆಟ ಅಂತ ಇಟ್ಟುಕೊಳ್ಳಿ. ಒಬ್ಬ ಹುಡುಗನಿಗೆ ಹತ್ತರಲ್ಲಿ ಒಂದು ಆಟ ಲೈನ್ ಹೋಗಿ ಸೋಲಾಗುತ್ತದೆ. ಅವನ ಸಂಖ್ಯೆ ಒಂದು ಕಡೆ ನಿಲ್ಲಬೇಕಾದರೆ ಒಟ್ಟು ಅರ್ಧ ಗೆಲ್ಲಬೇಕು. ಅಂದರೆ ಲೈನ್ ಇದ್ದ ಒಂಬತ್ತರಲ್ಲಿ ಐದು ಗೆಲ್ಲಬೇಕು, ಶೇ 55.6. ಆ ಮಟ್ಟದ ಗೆಲುವು ಸಿಗುವುದು ತನಗಿಂತ ಸುಮಾರು 39 ಅಂಕ ಕೆಳಗಿನವರ ಜೊತೆ. ಹಾಗಾಗಿ ಅವನ ರೇಟಿಂಗ್ ನಿಜವಾದ ಮಟ್ಟಕ್ಕಿಂತ 39 ಅಂಕ ಕೆಳಗೆ ನಿಲ್ಲುತ್ತದೆ. ಐದರಲ್ಲಿ ಒಂದು ಆಟ ಹೋದರೆ 89 ಅಂಕ ಕೆಳಗೆ. ಆ 89 ಅಂಕ ಹುಡುಗನದ್ದಲ್ಲ. ಅದು ಟವರಿನದು, ತಂತಿಯದು, ಮಳೆಯದು. ಆದರೆ ಅವನ ಹೆಸರಿನ ಮುಂದೆ ಕೂತಿದೆ.

ನಷ್ಟ ಅವನೊಬ್ಬನಿಗೆ ಮಾತ್ರವೂ ಅಲ್ಲ. ಕರೆಂಟ್ ಇದ್ದ ದಿನ ಅವನು ತನ್ನ ನಿಜವಾದ ಮಟ್ಟಕ್ಕಿಂತ ಕೆಳಗಿನವರ ಜೊತೆ ಆಡುತ್ತಿರುತ್ತಾನೆ. ಎದುರಿನವರು ನೂರಕ್ಕೆ ಅರವತ್ತಕ್ಕೂ ಜಾಸ್ತಿ ಸೋಲುತ್ತಾರೆ, ಇವನು ಸ್ಮರ್ಫ್ ಅಂತ ಬೈಯುತ್ತಾರೆ. ಬೇಕಂತಲೇ ಹೊಸ ಖಾತೆ ತೆರೆದು ಕೆಳ ಹಂತದವರನ್ನು ಹೊಡೆಯುವವರಿಗೆ ಆ ಹೆಸರು. 1990ರ ದಶಕದ ವಾರ್‌ಕ್ರಾಫ್ಟ್ 2 ಆಟಗಾರರಿಂದ ಬಂದ ಪದ. ನಿಜವಾದ ಸ್ಮರ್ಫ್‌ಗಳು ಆಟವನ್ನು ಕೆಡಿಸುತ್ತಾರೆ, 2023ರಲ್ಲಿ ವಾಲ್ವ್ ಕಂಪನಿ ತನ್ನ ಡೋಟಾ 2 ಗೇಮಿನಿಂದ ಅಂಥ 90,000 ಖಾತೆಗಳನ್ನು ತೆಗೆದುಹಾಕಿದ್ದು ಸರಿಯೇ. ಇಲ್ಲಿ ಮಾತ್ರ ಸ್ಮರ್ಫ್ ಮಾಡಿದ್ದು ಯಂತ್ರವೇ. ಟೀಮ್ ಆಟವಾದರೆ ಲೈನ್ ಹೋದಾಗ ಉಳಿದ ನಾಲ್ವರೂ ಒಬ್ಬ ಕಡಿಮೆಯಾಗಿ ಆಡಬೇಕು. ಕೆಲವು ಗೇಮ್‌ಗಳು ಅವರ ನಷ್ಟವನ್ನು ಕಡಿಮೆ ಮಾಡುತ್ತವೆ, ಹೋದವನಿಗೆ ಮಾತ್ರ ಅಂಕವೂ ಕಳೆಯುತ್ತದೆ, ಮೇಲಿಂದ ಕೆಲ ಹೊತ್ತು ಆಡದ ಹಾಗೆ ತಡೆಯೂ ಬೀಳುತ್ತದೆ. ನನ್ನ ಅಳಿಯನಿಗೆ ಆ ರಜೆಯಲ್ಲಿ ಎರಡು ಸಲ ಹೀಗಾಯಿತು. ಎರಡನೇ ಸಲ ಅವನು ಗೆಲ್ಲುವ ಹಂತದಲ್ಲಿದ್ದ.

ಕಂಪನಿಗಳ ಕಡೆಯಿಂದಲೂ ಒಂದು ಮಾತಿದೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. ಬಿಟ್ಟು ಹೋಗುವುದಕ್ಕೆ ದಂಡ ಇಲ್ಲದಿದ್ದರೆ ಸೋಲುವವರೆಲ್ಲ ನೆಟ್ ಆಫ್ ಮಾಡುತ್ತಾರೆ. ಒಂದೇ ಫೋನಿನ ಸಂಪರ್ಕ ಕಡಿದಾಗ ಅದು ಮರ ಬಿದ್ದದ್ದೋ ಬೆರಳು ಒತ್ತಿದ್ದೋ ಅಂತ ಸರ್ವರಿಗೆ ಹೇಳುವುದು ಕಷ್ಟ. ಒಪ್ಪುತ್ತೇನೆ. ಆದರೆ ಶಿಸ್ತಿನ ದಂಡ ಬೇರೆ, ಆಟದ ಅಳತೆ ಬೇರೆ. ಪದೇ ಪದೇ ಹೋಗುವವನನ್ನು ತಡೆಯಿರಿ, ಕ್ಯೂನಲ್ಲಿ ಕಾಯಿಸಿ. ಅವನ ಕೈಚಳಕದ ಸಂಖ್ಯೆಯನ್ನು ಯಾಕೆ ಕೆಡಿಸಬೇಕು? ಗ್ಲಿಕೊ ತರಹದ ಪದ್ಧತಿಯಲ್ಲಿ ಇದಕ್ಕೆ ದಾರಿಯೂ ಇದೆ. ಅಂಕ ಕಳೆಯುವ ಬದಲು ಅಲ್ಲಾಟವನ್ನು ಸ್ವಲ್ಪ ಜಾಸ್ತಿ ಮಾಡಿದರೆ ಸಾಕು. ಈ ಆಟದಿಂದ ನಮಗೆ ಏನೂ ತಿಳಿಯಲಿಲ್ಲ ಅಂತ ಬರೆದುಕೊಂಡ ಹಾಗಾಯಿತು. ಗೆಲ್ಲುತ್ತಿದ್ದಾಗ ಹೋದನೋ ಸೋಲುತ್ತಿದ್ದಾಗ ಹೋದನೋ ಅನ್ನುವುದು ಸರ್ವರಿಗೆ ಗೊತ್ತು. ಒಂದೇ ನೆಟ್‌ವರ್ಕಿನ, ಒಂದೇ ಪ್ರದೇಶದ ಹಲವರು ಒಂದೇ ನಿಮಿಷದಲ್ಲಿ ಕಡಿದುಹೋದರೆ ಅದು ಬೆರಳಿನ ಕೆಲಸ ಅಲ್ಲ ಅನ್ನುವುದೂ ಗೊತ್ತಾಗಬೇಕು. ಮನಸ್ಸು ಮಾಡಿದರೆ ಆಗುವ ಕೆಲಸ ಇದು.

ಮೂರು ಎಳೆತ

ಜೋಡಿ ಕಟ್ಟುವ ಯಂತ್ರ ಯಾವಾಗಲೂ ಮೂರು ಕಡೆಗೆ ಎಳೆಯಲ್ಪಡುತ್ತದೆ. ಸಮಬಲ ಬೇಕು, ಪಿಂಗ್ ಕಡಿಮೆ ಇರಬೇಕು, ಕಾಯುವ ಹೊತ್ತೂ ಕಡಿಮೆ ಇರಬೇಕು. ಸಂಜೆ ಎಂಟು ಗಂಟೆಗೆ ಲಕ್ಷ ಜನ ಇದ್ದಾಗ ಮೂರೂ ಸಿಗಬಹುದು. ಬೆಳಗಿನ ಜಾವ ಮೂರು ಗಂಟೆಗೆ ಸಿಗುವುದಿಲ್ಲ. ಆಗ ಯಂತ್ರ ಮೊದಲ ಕೆಲವು ಸೆಕೆಂಡು ಹತ್ತಿರದವರನ್ನು ಹುಡುಕಿ, ಸಿಗದಿದ್ದರೆ ಬಲೆಯನ್ನು ಅಗಲ ಮಾಡುತ್ತಾ ಹೋಗುತ್ತದೆ. ತಡರಾತ್ರಿಯ ಮ್ಯಾಚ್‌ಗಳು ಒಂದು ಕಡೆ ವಾಲುವುದು ಇದೇ ಕಾರಣಕ್ಕೆ.

ಕೌಶಲ ನೋಡಿ ಜೋಡಿ ಕಟ್ಟುವುದೇ ಬೇಡ, ಸುಮ್ನೆ ಸಿಕ್ಕಿದವರನ್ನು ಹಾಕಿ ಅನ್ನುವ ಕೂಗು ಕೆಲವು ವರ್ಷಗಳಿಂದ ಜೋರಾಗಿದೆ. ಅದನ್ನು ಕೂಗುವವರಲ್ಲಿ ಒಳ್ಳೆಯ ಆಟಗಾರರು ಜಾಸ್ತಿ. 2024ರಲ್ಲಿ ಕಾಲ್ ಆಫ್ ಡ್ಯೂಟಿ ಅನ್ನುವ ಶೂಟಿಂಗ್ ಗೇಮಿನ ಆಕ್ಟಿವಿಷನ್ ಕಂಪನಿ ತಾನು ಮಾಡಿದ ಒಂದು ಪ್ರಯೋಗದ ವಿವರ ಹೊರಗಿಟ್ಟಿತು. ಉತ್ತರ ಅಮೆರಿಕದ ಆಟಗಾರರ ಒಂದು ಗುಂಪಿಗೆ ಕೌಶಲದ ತೂಕವನ್ನು ಕಡಿಮೆ ಮಾಡಿ ನೋಡಿತ್ತು. ಶೇ 90ರಷ್ಟು ಆಟಗಾರರು ಮತ್ತೆ ಆಡಲು ಬರುವುದು ಕಡಿಮೆಯಾಯಿತು. ಜಾಸ್ತಿ ಬಂದವರು ಮೇಲಿನ ಶೇ 10 ಮಾತ್ರ. ಹೊಸ ಪೈಲ್ವಾನನನ್ನು ದಿನವೂ ಕೇಸರಿ ಗೆದ್ದವನ ಎದುರು ನಿಲ್ಲಿಸಿದರೆ ಅವನು ಗರಡಿಗೆ ಬರುವುದನ್ನೇ ಬಿಡುತ್ತಾನೆ. ಹಾಗಾಗಿ ಸಮಬಲದ ಜೋಡಿಯ ಪರವಾಗಿಯೇ ನಾನು ನಿಲ್ಲುತ್ತೇನೆ.

ಆದರೆ ಅಳಿಯನ ಅನುಮಾನಕ್ಕೆ ಬೇರು ಇಲ್ಲದೇ ಇಲ್ಲ. 2017ರಲ್ಲಿ ಇಎ ಅನ್ನುವ ಗೇಮ್ ಕಂಪನಿಯವರೂ ಸೇರಿ ಬರೆದ ಒಂದು ಸಂಶೋಧನಾ ಪ್ರಬಂಧ ಬಂತು. ಸಮಬಲದ ಜೋಡಿಯೇ ಯಾವಾಗಲೂ ಒಳ್ಳೆಯದಲ್ಲ, ಆಟಗಾರ ಆಟ ಬಿಟ್ಟು ಹೋಗದ ಹಾಗೆ ಜೋಡಿ ಕಟ್ಟಬಹುದು ಅನ್ನುವುದು ಅದರ ವಿಚಾರ. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಕ್ಟಿವಿಷನ್‌ಗೆ ಒಂದು ಪೇಟೆಂಟ್ ಸಿಕ್ಕಿತು. ಹೊಸಬನನ್ನು, ದುಡ್ಡು ಕೊಟ್ಟು ಕೊಂಡ ಬಂದೂಕು ಹಿಡಿದ ಅನುಭವಿಯ ಜೊತೆ ಸೇರಿಸಿದರೆ ಹೊಸಬನಿಗೂ ಕೊಳ್ಳುವ ಆಸೆ ಹುಟ್ಟುತ್ತದೆ ಅನ್ನುವ ಉಪಾಯ ಅದರಲ್ಲಿತ್ತು. ಅದನ್ನು ಯಾವ ಗೇಮಿನಲ್ಲೂ ಬಳಸಿಲ್ಲ ಅಂತ ಕಂಪನಿ ಹೇಳಿತು. ಬಳಸಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಜೋಡಿ ಕಟ್ಟುವವನಿಗೆ ಸಮಬಲ ಬಿಟ್ಟು ಇನ್ನೊಂದು ಆಸೆಯೂ ಇರಬಹುದು ಅನ್ನುವುದು ಬರಹದಲ್ಲೇ ಇದೆ. ಜಾತ್ರೆಯ ಕಣದಲ್ಲಿ ಯಾರದೋ ಲಾಭಕ್ಕೆ ಜೋಡಿ ಕಟ್ಟಿದರೆ ಕೂಗಲು ಜನ ಇದ್ದಾರೆ. ಫೋನಿನಲ್ಲಿ ಕೂಗಲು ಏನೂ ಕಾಣುವುದೇ ಇಲ್ಲ.

ಇ-ಸ್ಪೋರ್ಟ್ಸನ್ನು ಕ್ರೀಡೆ ಅಂತ ಒಪ್ಪಿದ ಮೇಲೆ ಕ್ರೀಡೆಯ ಅಳತೆಯೂ ಬಹಿರಂಗ ಇರಬೇಕು. ನನ್ನ ಬೇಡಿಕೆ ದೊಡ್ಡದೇನಲ್ಲ. ಒಳ ರೇಟಿಂಗನ್ನೂ ಅದರ ಅಲ್ಲಾಟವನ್ನೂ ಆಟಗಾರನಿಗೆ ತೋರಿಸಲಿ. ಮ್ಯಾಚ್ ಮುಗಿದ ಮೇಲೆ ಎರಡು ಟೀಮಿಗೂ ಗೆಲ್ಲುವ ಸಾಧ್ಯತೆ ಎಷ್ಟಿತ್ತು ಅಂತ ಒಂದು ಸಾಲು ಹೇಳಲಿ. ಬಾಟ್ ಎಷ್ಟಿದ್ದವು ಅಂತ ಹೇಳಲಿ. ಸಂಪರ್ಕ ಕಡಿದ ಆಟಗಳನ್ನು ಬೇರೆ ಖಾನೆಯಲ್ಲಿ ಇಡಲಿ. ಕಾಲೇಜು ಟೀಮ್ ಆರಿಸುವವರು ಕೂಡ ರ್ಯಾಂಕ್ ಸ್ಕ್ರೀನ್‌ಶಾಟ್ ನೋಡಿ ನಿಲ್ಲಿಸಬಾರದು. ಒಂದು ಕೋಣೆ, ಒಂದೇ ವೈಫೈ, ಹತ್ತು ಮ್ಯಾಚ್. ಹೊಸನಗರದ ಹುಡುಗನೂ ಶಿವಮೊಗ್ಗದ ಹುಡುಗನೂ ಒಂದೇ ಲೈನಿನಲ್ಲಿ ಆಡಲಿ, ಆಗ ನೋಡಿ ಆರಿಸಲಿ.

ದೀಪಾವಳಿಗೆ ಮತ್ತೆ ಅಕ್ಕನ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಅಳಿಯ, ಅವನ ಚಿಕ್ಕಪ್ಪನ ಮಕ್ಕಳು, ಪಕ್ಕದ ಮನೆಯ ಇಬ್ಬರು ಹುಡುಗಿಯರು ಗುಂಪಾಗಿ ಕೂತಿದ್ದರು. ರ್ಯಾಂಕ್ ಎಲ್ಲಿಗೆ ಬಂತೋ ಅಂತ ಕೇಳಿದೆ.

"ಊರಲ್ಲಿ ರ್ಯಾಂಕ್ಡ್ ಮುಟ್ಟಲ್ಲ ಮಾವ. ಅದು ಶಿವಮೊಗ್ಗದ ರೂಮಲ್ಲಿ ಮಾತ್ರ. ಇಲ್ಲಿ ಕಸ್ಟಮ್ ರೂಮ್ ಹಾಕ್ತೀವಿ, ಜೋಡಿ ನಾವೇ ಕಟ್ಕೊಳ್ತೀವಿ."

ಅವತ್ತು ಅವನ ಪಾಲಿಗೆ ಗುಂಪಿನ ಇಬ್ಬರು ಚಿಕ್ಕವರು ಬಂದಿದ್ದರು. ಅವನೇ ಕೇಳಿ ಹಾಕಿಸಿಕೊಂಡಿದ್ದನಂತೆ.